ಸಹಿ ಹಾಕುವ ಮುಂಚೆ ಒಂದು ರಾತ್ರಿ ತಡೆಯಿರಿ

ಈ ಸಲದ ಟಪಾಲಿನಲ್ಲಿ ಆಸ್ತಿ ಪಾಲು, ಚೆಕ್ ಬೌನ್ಸು, ಬಾಡಿಗೆ ತಕರಾರು ಎಲ್ಲ ಎಂದಿನಂತೆ ಇದ್ದವು. ಅವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಐದು ಪತ್ರಗಳು ಮಾತ್ರ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು: ಕೆಲಸ, ಮತ್ತು ಕೆಲಸ ಮಾಡುವವರ ಅಂಗವೈಕಲ್ಯ. ಅವನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದೂವರೆ ವರ್ಷದವಳಿದ್ದಾಗ ಪೋಲಿಯೊ ಆಯಿತು. ಎಡಗಾಲಿಗೆ ಕ್ಯಾಲಿಪರ್ ಇದೆ. ಧಾರವಾಡದಲ್ಲಿ ವಕೀಲಿ ಶುರು ಮಾಡಿ ಮೂವತ್ತು ವರ್ಷ ದಾಟಿತು. ಅದಕ್ಕೂ ಮುಂಚೆ ಒಂದು ಗುಮಾಸ್ತೆ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಟೈಪಿಂಗ್ ಬರುತ್ತಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ‘ಮೆಟ್ಟಿಲು ಹತ್ತಿ ಹೇಗೆ ಬಂದೆಯಮ್ಮಾ?’ ಅಂತ ಕೇಳಿದರು. ಹತ್ತಿಯೇ ಬಂದೆ ಅಂದೆ. ಕೆಲಸ ಸಿಗಲಿಲ್ಲ. ಹಾಗಾಗಿ ಇಂಥ ಪತ್ರ ಓದುವಾಗ ನಾನು ತಣ್ಣಗೆ ಕೂತು ಓದುತ್ತೇನೆ ಅಂತ ಅಂದುಕೊಳ್ಳಬೇಡಿ.

ಪ್ರಶ್ನೆ: ನನ್ನ ಯಜಮಾನರು ಸರ್ಕಾರಿ ಸಾರಿಗೆ ನಿಗಮವೊಂದರಲ್ಲಿ ಹದಿನೇಳು ವರ್ಷದಿಂದ ಡ್ರೈವರ್. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯಲಿಲ್ಲ. ಹೋದ ವರ್ಷ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕೃತಕ ಕಾಲು ಹಾಕಿಸಿದ್ದೇವೆ, ನಡೆದಾಡುತ್ತಾರೆ. ಡ್ರೈವಿಂಗಿಗೆ ಅನ್‌ಫಿಟ್ ಅಂತ ಡಾಕ್ಟರು ಬರೆದಿದ್ದಾರೆ. ಡಿಪೊದವರು ‘ಸ್ವಯಂ ನಿವೃತ್ತಿ ಬರೆದುಕೊಡಿ, ಮಗನಿಗೆ ಅನುಕಂಪದ ಮೇಲೆ ಏನಾದರೂ ನೋಡೋಣ’ ಅನ್ನುತ್ತಾರೆ. ಫಾರಂ ಮನೆಗೇ ಕಳಿಸಿದ್ದಾರೆ. ಡ್ಯೂಟಿ ಮೇಲೆ ಆದ ಅಪಘಾತ ಅಲ್ಲ, ಹಾಗಾಗಿ ನಿಮಗೆ ಹಕ್ಕಿಲ್ಲ ಅಂತಲೂ ಹೇಳಿದರು. ಮಗ ಪಿಯುಸಿ ಮುಗಿಸಿದ್ದಾನೆ. ಸಹಿ ಹಾಕಲೋ ಬೇಡವೋ ಅಂತ ಇವರು ನನ್ನನ್ನೇ ಕೇಳುತ್ತಿದ್ದಾರೆ.
ಗದಗ ಜಿಲ್ಲೆಯ ಓದುಗರು

ಉತ್ತರ: ತಂಗೀ, ಆ ಫಾರಂ ಎಲ್ಲಿದೆ? ಟೇಬಲ್ ಮೇಲಿದ್ದರೆ ತೆಗೆದು ಟ್ರಂಕಿನ ತಳಕ್ಕೆ ಹಾಕಿ. ಹರಿಯಬೇಡಿ, ಮುಂದೆ ಅದೇ ಸಾಕ್ಷಿ ಆಗಬಹುದು. ಸಹಿ ಮಾತ್ರ ಬೇಡ.

‘ಡ್ಯೂಟಿ ಮೇಲೆ ಆದದ್ದಲ್ಲ’ ಅನ್ನುವ ಮಾತನ್ನು ಮೊದಲು ನೋಡೋಣ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 20ನೇ ಕಲಮಿನ 4ನೇ ಉಪಕಲಮು ಹೇಳುವುದು ಇಷ್ಟು: ಸೇವೆಯಲ್ಲಿ ಇರುವಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ‘ಸೇವೆಯಲ್ಲಿ ಇರುವಾಗ’ ಅಂತಿದೆ. ‘ಸೇವೆಯ ಕಾರಣದಿಂದ’ ಅಂತಿಲ್ಲ. ಬಸ್ಸಿನ ಸ್ಟೀರಿಂಗ್ ಮುಂದೆ ಕಾಲು ಹೋದರೂ ಒಂದೇ, ಸಕ್ಕರೆಯಿಂದ ಹೋದರೂ ಒಂದೇ, ಮನೆ ಬಚ್ಚಲಲ್ಲಿ ಜಾರಿ ಹೋದರೂ ಒಂದೇ. ಸರ್ಕಾರಿ ಸಂಸ್ಥೆ ಅಂದರೆ ಇಲಾಖೆಗಳಷ್ಟೇ ಅಲ್ಲ. ಸರ್ಕಾರದ ಒಡೆತನದಲ್ಲೋ ಹಿಡಿತದಲ್ಲೋ ಇರುವ ನಿಗಮಗಳೂ ಅದರೊಳಗೆ ಬರುತ್ತವೆ.

ಹಾಗಾದರೆ ಡ್ರೈವಿಂಗ್ ಆಗದವರನ್ನು ಇಟ್ಟುಕೊಂಡು ನಿಗಮ ಏನು ಮಾಡಬೇಕು? ಅದನ್ನೂ ಅದೇ ಉಪಕಲಮು ಹೇಳಿದೆ. ಈಗಿನ ಹುದ್ದೆಗೆ ಆಗದಿದ್ದರೆ ಬೇರೆ ಹುದ್ದೆಗೆ ಹಾಕಬೇಕು, ಅದೇ ವೇತನ ಶ್ರೇಣಿ, ಅದೇ ಸೌಲಭ್ಯ. ಅಂಥ ಹುದ್ದೆ ಖಾಲಿ ಇಲ್ಲ ಅಂದರೆ ಒಂದು ಹೆಚ್ಚುವರಿ ಹುದ್ದೆ ಸೃಷ್ಟಿಸಿ, ಸೂಕ್ತ ಜಾಗ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಅದರಲ್ಲಿ ಇಟ್ಟುಕೊಳ್ಳಬೇಕು. ‘ಖಾಲಿ ಇಲ್ಲ’ ಅನ್ನುವ ಉತ್ತರವನ್ನು ಕಾನೂನು ಮೊದಲೇ ಊಹಿಸಿ ಬಾಗಿಲು ಹಾಕಿದೆ ನೋಡಿ. ಡಿಪೊ ಅಂದಮೇಲೆ ಸ್ಟೋರ್ ಇರುತ್ತದೆ, ಕ್ಯಾಷ್ ಸೆಕ್ಷನ್ ಇರುತ್ತದೆ, ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕೋಣೆ ಇರುತ್ತದೆ. ಹದಿನೇಳು ವರ್ಷ ರೂಟ್ ಓಡಿಸಿದವರಿಗೆ ಇಲ್ಲೆಲ್ಲ ಕೂತು ಮಾಡುವ ಕೆಲಸ ಗೊತ್ತಿರುವುದಿಲ್ಲವೇ?

ಇನ್ನು ಆ ಫಾರಂ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಂಜಾಬಿನ ವಿದ್ಯುತ್ ಮಂಡಳಿಯಲ್ಲಿ ಒಬ್ಬ ಸಹಾಯಕ ಲೈನ್‌ಮನ್ ಇದ್ದರು. 1994ರಲ್ಲಿ ಎರಡೂ ಕಣ್ಣು ಹೋದವು. ಕಾನೂನು ಗೊತ್ತಿರಲಿಲ್ಲ. ಇನ್ನೇನು ದಾರಿ ಅಂತ ತಾವೇ ಅರ್ಜಿ ಬರೆದರು, ನನ್ನನ್ನು ನಿವೃತ್ತಿ ಮಾಡಿ, ಹೆಂಡತಿಗೆ ಕೆಲಸ ಕೊಡಿ ಅಂತ. ಮಂಡಳಿ ಅರ್ಜಿಯ ಮೊದಲರ್ಧ ಮಾತ್ರ ಓದಿತು. 1997ರಲ್ಲಿ ನಿವೃತ್ತಿ ಆಯಿತು. ಹೆಂಡತಿಗೆ ಕೆಲಸ ಬರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರಲ್ಲಿ ತೀರ್ಪು ಬಂತು. ಭಗವಾನ್ ದಾಸ್ ಪ್ರಕರಣ ಅಂತ ವಕೀಲರೆಲ್ಲ ಕರೆಯುವುದು ಇದನ್ನೇ. ಆಗ ಇದ್ದದ್ದು 1995ರ ಹಳೇ ಕಾಯ್ದೆ, ಅದರ 47ನೇ ಕಲಮಿನಲ್ಲೂ ಇದೇ ರಕ್ಷಣೆ ಇತ್ತು. ಹಕ್ಕು ಗೊತ್ತಿಲ್ಲದ ಸಣ್ಣ ನೌಕರ ಬರೆದುಕೊಟ್ಟದ್ದನ್ನು ಹಿಡಿದುಕೊಂಡು ಕೈತೊಳೆದುಕೊಳ್ಳುವ ಬದಲು, ಮೇಲಿನ ಅಧಿಕಾರಿಗಳೇ ಅವರಿಗೆ ಕಾನೂನು ತಿಳಿಸಬೇಕಿತ್ತು ಅಂತ ಕೋರ್ಟು ಹೇಳಿತು. ಸೇವೆ ಮುಗಿದೇ ಇಲ್ಲ ಅಂತ ಭಾವಿಸಿ ನಿವೃತ್ತಿ ವಯಸ್ಸಿನವರೆಗಿನ ಎಲ್ಲ ಸೌಲಭ್ಯ ಕೊಡಿಸಿತು.

ಗೆದ್ದರಲ್ವಾ ಅಂತೀರಿ. ಹೌದು, ಗೆದ್ದರು. ಕೆಲಸ ಹೋಗಿ ಹನ್ನೊಂದು ವರ್ಷ ಆದಮೇಲೆ. ನೀವಿನ್ನೂ ಸಹಿ ಹಾಕಿಲ್ಲ. ಅವರಿಗೆ ಆ ಹನ್ನೊಂದು ವರ್ಷದಲ್ಲಿ ಸಿಗದೇ ಇದ್ದದ್ದು ನಿಮ್ಮ ಕೈಯಲ್ಲಿ ಈಗಲೇ ಇದೆ.

ಅನುಕಂಪದ ನೌಕರಿಯ ಮಾತನ್ನು ನಂಬಿ ನಿಮ್ಮ ಯಜಮಾನರ ಸಂಬಳ ಬಿಡಬೇಡಿ. ‘ನೋಡೋಣ’ ಅಂದವರು ಅದನ್ನು ಬರೆದುಕೊಡುತ್ತಾರಾ, ಸುಮ್ನೆ ಕೇಳಿ ನೋಡಿ.

ಈಗ ಮಾಡಬೇಕಾದ್ದು. ನಿಮ್ಮ ಯಜಮಾನರು ತಮ್ಮ ಕೈಯಾರೆ ಒಂದು ಅರ್ಜಿ ಬರೆಯಲಿ. ಹೀಗಿದ್ದರೆ ಸಾಕು:

‘ನಾನು ಇಂಥ ಡಿಪೊದಲ್ಲಿ ಇಂಥ ಬ್ಯಾಡ್ಜ್ ಸಂಖ್ಯೆಯ ಚಾಲಕ. ಇಂಥ ತಾರೀಖು ನನ್ನ ಬಲಗಾಲನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಲಾಗಿದೆ. ಚಾಲನೆಗೆ ಅನರ್ಹ ಎಂದು ವೈದ್ಯರು ವರದಿ ಕೊಟ್ಟಿದ್ದಾರೆ. ನಾನು ಸೇವೆಯಲ್ಲಿ ಮುಂದುವರಿಯಲು ಬಯಸುತ್ತೇನೆ. 2016ರ ಕಾಯ್ದೆಯ 20(4)ರಂತೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕೆಂದು ಕೋರುತ್ತೇನೆ. ನಾನು ಕೆಲಸಕ್ಕೆ ಹಾಜರಾಗಲು ಇಂದೂ ಸಿದ್ಧನಿದ್ದೇನೆ.’

ಕೊನೆಯ ಸಾಲು ಬಿಡಬೇಡಿ. ಇಂಥ ಪ್ರಕರಣಗಳಲ್ಲಿ ಆಡಳಿತದವರು ಆಡುವ ಒಂದು ಆಟ ಇದೆ. ಬೇರೆ ಕೆಲಸ ಕೊಡುವುದಿಲ್ಲ, ಮನೆಗೆ ಹೋಗು ಅಂತ ಬಾಯಲ್ಲಿ ಹೇಳುತ್ತಾರೆ. ಆರು ತಿಂಗಳಾದಮೇಲೆ ‘ಅನಧಿಕೃತ ಗೈರುಹಾಜರಿ’ ಅಂತ ಶೋಕಾಸ್ ನೋಟಿಸ್ ಬರುತ್ತದೆ. ಆಗ ಆ ಒಂದು ಸಾಲು ನಿಮ್ಮ ಪರವಾಗಿ ನಿಲ್ಲುತ್ತದೆ. ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯನ್ನು ಜೆರಾಕ್ಸ್ ಮಾಡಿಸಿಕೊಳ್ಳಿ, ಆ ಶಾಯಿ ಒಂದೇ ಬೇಸಿಗೆಗೆ ಮಾಸಿಹೋಗುತ್ತದೆ.

ನನ್ನ ಹತ್ತಿರ ಬಹಳ ಹಿಂದೆ ಒಬ್ಬರು ಬಂದಿದ್ದರು. ನೀರು ಬಿಡುವ ಕೆಲಸದವರು, ಬಲಗೈ ಹೋಗಿತ್ತು. ಬರೀ ಬಾಯಿಮಾತಿನಲ್ಲಿ ಎಂಟು ವರ್ಷ ಅಲೆದಿದ್ದರು. ಯಾರ ಹತ್ತಿರ ಹೋದಿರಿ ಅಂದರೆ ಎಲ್ಲರ ಹೆಸರೂ ಹೇಳಿದರು. ಏನು ಕೊಟ್ಟಿರಿ ಅಂದರೆ, ‘ಕೈ ಮುಗದೆ ಬಾಯಾರ’ ಅಂದರು. ಒಂದು ಚೂರು ಕಾಗದ ಇರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದ ರಾಜೀನಾಮೆ ಮಾತ್ರ ಇತ್ತು, ಅದೂ ಅವರ ಕಡೆಯದಲ್ಲ, ಕಚೇರಿಯ ಫೈಲಿನಲ್ಲಿ. ಆ ಪ್ರಕರಣ ನಾನು ಸೋತೆ.

ಅರ್ಜಿ ಕೊಟ್ಟಮೇಲೆ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಇರಲೇಬೇಕಾದ ಕುಂದುಕೊರತೆ ನಿವಾರಣಾ ಅಧಿಕಾರಿಗೆ 23ನೇ ಕಲಮಿನಡಿ ದೂರು ಕೊಡಬಹುದು. ಅವರು ಎರಡು ವಾರದೊಳಗೆ ವಿಚಾರಿಸಬೇಕು. ಅಲ್ಲಿ ಆಗಲಿಲ್ಲವೋ, ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ತಾರತಮ್ಯದ ದೂರನ್ನು 60 ದಿನದಲ್ಲಿ ಮುಗಿಸಬೇಕು ಅಂತ ನಿಯಮ. ಆಯುಕ್ತರು ಸಿವಿಲ್ ಕೋರ್ಟಿನಂತೆ ಅಧಿಕಾರಿಗಳನ್ನು ಕರೆಸಬಹುದು, ಕಡತ ತರಿಸಬಹುದು. ಆದರೆ ಕೊನೆಗೆ ಕೊಡುವುದು ಶಿಫಾರಸು. ಬಹಳ ಸಲ ಆ ನೋಟಿಸು ತಲುಪಿದ ಕೂಡಲೇ ಡಿಪೊದ ದನಿ ಮೆತ್ತಗಾಗುತ್ತದೆ, ಅದು ನಾನು ಕಂಡದ್ದು. ಮೆತ್ತಗಾಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಗದಗ ನಮ್ಮ ಧಾರವಾಡ ಪೀಠಕ್ಕೇ ಬರುತ್ತದೆ, ಬೆಂಗಳೂರಿಗೆ ಓಡಬೇಕಿಲ್ಲ.

ವಕೀಲರ ಫೀಸಿನ ಚಿಂತೆಯೂ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅಂಗವಿಕಲರಿಗೆ ಕಾನೂನು ನೆರವು ಉಚಿತ, ಆದಾಯ ಎಷ್ಟಿದ್ದರೂ ಸರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ಫೋನಾದರೆ 15100.

ಇತ್ತೀಚಿನದ್ದೊಂದು ತೀರ್ಪು ನಿಮ್ಮ ಯಜಮಾನರಿಗೆ ಓದಿ ಹೇಳಿ. ಪಕ್ಕದ ತೆಲಂಗಾಣದ ಸಾರಿಗೆ ನಿಗಮದಲ್ಲಿ ಒಬ್ಬ ಡ್ರೈವರಿಗೆ ಬಣ್ಣ ಗುರುತಿಸುವ ದೋಷ ಇದೆ ಅಂತ ಮನೆಗೆ ಕಳಿಸಿದ್ದರು. 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಅವರಿಗೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಿ, ಬಾಕಿಯಲ್ಲಿ 25 ಶೇಕಡಾ ಕೊಡಿ ಅಂತ ಹೇಳಿತು. ಬೇರೆ ಕೆಲಸ ಇದೆಯಾ ಅಂತ ಹುಡುಕುವ ಪ್ರಯತ್ನವನ್ನೇ ನಿಗಮ ಮಾಡಿರಲಿಲ್ಲ. 25 ಶೇಕಡಾ ಅಂದದ್ದನ್ನು ಗಮನಿಸಿ. ಗೆದ್ದರೂ ಮುಕ್ಕಾಲು ಪಾಲು ಬಾಕಿ ಹೋಯಿತು. ಅದಕ್ಕೇ ನಾನು ಅರ್ಜಿಯನ್ನು ನಾಳೆ ಬೆಳಗ್ಗೆಯೇ ಕೊಡಿ ಅನ್ನುವುದು.

ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ವಯಸ್ಸು 31. ಎರಡು ವರ್ಷದ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಅಂತ ಗೊತ್ತಾಯಿತು. ಬಿಸಿಲಿಗೆ ಹೋದರೆ, ಸುಸ್ತಾದರೆ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡಲು ಕೇಳಿದೆ. ‘ಎಲ್ಲರಿಗೂ ಒಂದೇ ಪಾಲಿಸಿ’ ಅಂದರು. ಆಮೇಲೆ ಪರ್ಫಾರ್ಮೆನ್ಸ್ ಸರಿಯಿಲ್ಲ ಅಂತ ಪಿಐಪಿ (ಗಡುವಿನೊಳಗೆ ಕೆಲಸ ಸುಧಾರಿಸಿ ತೋರಿಸಬೇಕು ಅನ್ನುವ ಕ್ರಮ) ಹಾಕಿದರು. ಈಗ ಎಚ್‌ಆರ್ ‘ನೀವೇ ರಿಸೈನ್ ಮಾಡಿದರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ’ ಅಂತಿದ್ದಾರೆ. ನನ್ನ ಸರ್ಟಿಫಿಕೇಟಿನಲ್ಲಿ 30 ಶೇಕಡಾ ಅಂತಿದೆ, 40 ಇಲ್ಲದಿದ್ದರೆ ಯಾವ ಕಾನೂನೂ ಅನ್ವಯಿಸಲ್ಲ ಅಂತ ಫ್ರೆಂಡ್ ಹೇಳಿದಳು. ಕೇಸ್ ಹಾಕಬಹುದಾ?
ಬೆಂಗಳೂರಿನ ಓದುಗರು

ಉತ್ತರ: ಹಾಕಬಹುದು. ಆದರೆ ಗದಗದ ತಂಗಿಗೆ ಇರುವಷ್ಟು ಗಟ್ಟಿ ನೆಲ ನಿಮಗಿಲ್ಲ. ಅದನ್ನು ಮೊದಲೇ ಹೇಳುವುದು ಒಳ್ಳೆಯದು. ತೆಗೆದುಹಾಕುವಂತಿಲ್ಲ ಅಂತ ಮೇಲೆ ಹೇಳಿದೆನಲ್ಲ, ಆ 20ನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ನಮ್ಮ ಕಾಯ್ದೆಯ ದೊಡ್ಡ ತೂತು ಇದೇ ಅಂತ ನನ್ನ ಅಭಿಪ್ರಾಯ. ಈಗ ನೌಕರಿಗಳು ಹೆಚ್ಚು ಇರುವುದು ಎಲ್ಲಿ, ಕಾಯ್ದೆಯ ಬಲವಾದ ಕಲಮು ಇರುವುದು ಎಲ್ಲಿ!

ಹಾಗಂತ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಮೊದಲು ಗೆಳತಿಯ ಮಾತು. ಮೀಸಲಾತಿಗೆ 40 ಶೇಕಡಾ ಬೇಕು, ನಿಜ. ಆದರೆ ತಾರತಮ್ಯದಿಂದ ರಕ್ಷಣೆಗೆ, ತಕ್ಕ ಅನುಕೂಲ ಕೇಳುವುದಕ್ಕೆ 40 ಬೇಕಿಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಅದು ಕೈಬರಹದ ತೊಂದರೆ ಇದ್ದ ಒಬ್ಬ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಬರೆಯುವವರ ಸಹಾಯ ಕೊಡುವ ಪ್ರಶ್ನೆ. ಮೀಸಲಾತಿಯ ಅಳತೆಗೋಲನ್ನು ಎಲ್ಲ ಹಕ್ಕಿಗೂ ಹಚ್ಚಬೇಡಿ ಅಂತ ಕೋರ್ಟು ಹೇಳಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಹೆಸರು ಹೇಳಿಯೇ ಇದೆ.

ತಕ್ಕ ಅನುಕೂಲ ಅಂದೆ. ಕಾನೂನಿನ ಭಾಷೆಯಲ್ಲಿ ರೀಸನಬಲ್ ಅಕಾಮಡೇಷನ್. ಅದನ್ನು ಕೊಡದೆ ಇರುವುದೇ ತಾರತಮ್ಯ ಅಂತ ಕಾಯ್ದೆಯ ವ್ಯಾಖ್ಯೆಯಲ್ಲೇ ಬರೆದಿದೆ. ‘ಎಲ್ಲರಿಗೂ ಒಂದೇ ಪಾಲಿಸಿ’ ಅನ್ನುವ ಉತ್ತರ ಅದಕ್ಕೇ ನಿಲ್ಲುವುದಿಲ್ಲ. ನನ್ನ ಸ್ಕೂಟರಿಗೆ ಹಿಂದೆ ಎರಡು ಸಣ್ಣ ಗಾಲಿ ಇವೆ. ಎಲ್ಲರಿಗೂ ಎರಡೇ ಗಾಲಿ ಅಂದಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆ. ಆದರೆ ಒಂದು ಮಿತಿ ಇದೆ. ಕಂಪನಿಯ ಮೇಲೆ ಅತಿಯಾದ ಹೊರೆ ಬೀಳುವಂತಿರಬಾರದು. ಟೆಸ್ಟಿಂಗ್ ಕೆಲಸವನ್ನು ವಾರಕ್ಕೆ ಮೂರು ದಿನ ಮನೆಯಿಂದ ಮಾಡಿದರೆ ಕಂಪನಿಗೆ ಏನು ಹೊರೆ ಅಂತ ಅವರೇ ತೋರಿಸಲಿ. ಕೊರೊನಾ ಕಾಲದಲ್ಲಿ ಇಡೀ ಕಂಪನಿ ಅದನ್ನೇ ಮಾಡಿತ್ತಲ್ವಾ? ಇನ್ನೊಂದು: ಅನುಕೂಲಕ್ಕೆ ಆಗುವ ಖರ್ಚನ್ನು ನೌಕರರ ತಲೆಗೆ ಕಟ್ಟುವಂತಿಲ್ಲ, ನಿಯಮದಲ್ಲೇ ಇದೆ.

ನಿಮ್ಮ ಮನವಿ ಬಾಯಲ್ಲಿ ಕೇಳಿದ್ದೋ, ಮೇಲ್ ಕಳಿಸಿದ್ದೋ ಪತ್ರದಲ್ಲಿ ಬರೆದಿಲ್ಲ. ಬಾಯಲ್ಲಿ ಆಗಿದ್ದರೆ ಈಗ ಮೇಲ್ ಮಾಡಿ. ಕಾಯಿಲೆಯ ಹೆಸರು, ಅದರಿಂದ ಏನಾಗುತ್ತದೆ, ನರರೋಗ ತಜ್ಞರ ಪತ್ರ, ನಿಮಗೆ ಏನು ಬೇಕು, ಇಷ್ಟು. ಮೊದಲು ಯಾವ ತಾರೀಖು ಯಾರನ್ನು ಕೇಳಿದ್ದಿರಿ ಅಂತಲೂ ಹಾಕಿ. ಜೊತೆಗೆ ಕಂಪನಿಯ ‘ಸಮಾನ ಅವಕಾಶ ನೀತಿ’ಯ ಪ್ರತಿ ಕೇಳಿ. 21ನೇ ಕಲಮಿನಂತೆ ಖಾಸಗಿ ಸಂಸ್ಥೆಯೂ ಅದನ್ನು ಮಾಡಿ, ಪ್ರಕಟಿಸಿ, ಪ್ರತಿಯನ್ನು ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಅದರಲ್ಲಿ ಏನೇನು ಇರಬೇಕು ಅಂತ ನಿಯಮ ಪಟ್ಟಿ ಮಾಡಿದೆ. ಈ ಒಂದು ಪ್ರಶ್ನೆ ಕೇಳಿದಾಗ ಎಚ್‌ಆರ್ ಮುಖ ನೋಡಬೇಕು ನೀವು. ಎಷ್ಟೋ ಕಡೆ ವೆಬ್‌ಸೈಟಿನಲ್ಲಿ ಗಾಲಿಕುರ್ಚಿಯ ಚಂದದ ಫೋಟೊ ಇರುತ್ತದೆ, ನೀತಿ ಇರುವುದಿಲ್ಲ.

ಪಿಐಪಿ ಕೆಲಸದ ಗುಣಮಟ್ಟಕ್ಕೆ ಹಾಕಿದ್ದು, ಕಾಯಿಲೆಗೆ ಅಲ್ಲ ಅಂತ ಅವರು ವಾದಿಸುತ್ತಾರೆ. ಅಲ್ಲಿ ನಿಮಗೆ ಇನ್ನೊಂದು ತೀರ್ಪು ಉಪಯೋಗಕ್ಕೆ ಬರಬಹುದು. 2021ರ ಡಿಸೆಂಬರ್ 17ರದ್ದು. ಸಿಆರ್‌ಪಿಎಫ್‌ನ ಒಬ್ಬ ಅಧಿಕಾರಿಗೆ ಮಾನಸಿಕ ಕಾಯಿಲೆ ಇತ್ತು, ಅವರ ನಡತೆಯ ಮೇಲೆ ಶಿಸ್ತು ಕ್ರಮ ಶುರುವಾಗಿತ್ತು. ತೊಂದರೆ ಕೊಟ್ಟದ್ದಕ್ಕೆ ಅಂಗವೈಕಲ್ಯವೊಂದೇ ಕಾರಣ ಆಗಿರಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ಸಾಕು ಅಂತ ಸುಪ್ರೀಂ ಕೋರ್ಟು ಹೇಳಿತು. ಅವರದು ಸರ್ಕಾರಿ ನೌಕರಿ, ನಿಮ್ಮದಲ್ಲ. ಆದರೂ ತಾರತಮ್ಯ ಅಂದರೇನು ಅನ್ನುವುದಕ್ಕೆ ಆ ಮಾತು ಬೇಕು. ನಿಮ್ಮ ಹಳೇ ಅಪ್ರೈಸಲ್‌ಗಳು ಚೆನ್ನಾಗಿದ್ದು, ಮನವಿ ಕೊಟ್ಟ ಮೇಲೆ ಒಮ್ಮೆಲೇ ಕೆಟ್ಟಿದ್ದರೆ, ಆ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಕು, ವಕೀಲರು ಜಾಸ್ತಿ ಮಾತಾಡಬೇಕಿಲ್ಲ. ಅಪ್ರೈಸಲ್ ಪ್ರತಿ, ನಿಮಗೆ ಬಂದ ಪತ್ರ ಇಟ್ಟುಕೊಳ್ಳಿ. ಕಂಪನಿಯ ಕೋಡು, ಗಿರಾಕಿಗಳ ಕಡತ ಮನೆಗೆ ಕಳಿಸಿಕೊಳ್ಳಬೇಡಿ, ಅದನ್ನೇ ನೆಪ ಮಾಡಿ ತೆಗೆಯುತ್ತಾರೆ.

ಎಲ್ಲಿಗೆ ಹೋಗಬೇಕು? ಮೊದಲು ರಾಜ್ಯ ಆಯುಕ್ತರು. ಅವರ ಶಿಫಾರಸಿನ ಮಿತಿ ಮೇಲೆಯೇ ಹೇಳಿದ್ದೇನೆ. ಒಂದು ವೇಳೆ ಕೆಲಸದಿಂದ ತೆಗೆದೇಬಿಟ್ಟರೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, 1961ರದ್ದು. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸೋ ಸಂಬಳವೋ ಕೊಡದೆ ತೆಗೆಯುವಂತಿಲ್ಲ. 39ನೇ ಕಲಮಿನಲ್ಲಿ ಮೇಲ್ಮನವಿಗೂ ದಾರಿ ಇದೆ. ಆದರೆ ನೀವೇ ರಿಸೈನ್ ಮಾಡಿದರೆ? ‘ತೆಗೆದರು’ ಅಂತ ಹೇಳುವ ಬಾಯಿ ನೀವೇ ಮುಚ್ಚಿಕೊಂಡಂತೆ.

ಖಾಸಗಿ ಕಂಪನಿಗಳ ಇಂಥ ವ್ಯಾಜ್ಯಗಳಲ್ಲಿ ನನ್ನ ಕಣ್ಣೆದುರು ಮುಗಿದವು ಬಹುತೇಕ ರಾಜಿಯಲ್ಲೇ ಮುಗಿದಿವೆ. ಕೆಲವರು ಕೇಳಿದ ಅನುಕೂಲ ಪಡೆದು ಉಳಿದರು. ಕೆಲವರು ಕೆಲವು ತಿಂಗಳ ಸಂಬಳ ತೆಗೆದುಕೊಂಡು ಬೇರೆ ಕಡೆ ಹೋದರು. ನಿಮಗೆ ಯಾವುದು ಬೇಕು ಅಂತ ಈಗಲೇ ಯೋಚಿಸಿಕೊಳ್ಳಿ. ಒಂದೇ ಸಮ ಟೆನ್ಷನ್ ಈ ಕಾಯಿಲೆಗೆ ಒಳ್ಳೆಯದಲ್ಲ, ನಿಮ್ಮ ಡಾಕ್ಟರು ಹೇಳಿಯೇ ಇರುತ್ತಾರೆ. ಹೋರಾಡಲೇಬೇಕು ಅಂತ ನಾನು ಬಲವಂತ ಮಾಡುವುದಿಲ್ಲ. ಬಿಡುವುದೇ ಆದರೆ ಮಾತ್ರ ಬರಿಗೈಲಿ ಬಿಡಬೇಡಿ.

ಪ್ರಶ್ನೆ: ನಾನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ‘ಸಿ’ ಗುಂಪಿನ ನೌಕರ. ಪೋಲಿಯೊದಿಂದ 60 ಶೇಕಡಾ ಅಂಗವೈಕಲ್ಯ. ವಿಕಲಚೇತನರಿಗೆ ಮೀಸಲಾತಿ ನೇಮಕಾತಿಗೆ ಮಾತ್ರ, ಬಡ್ತಿಗೆ ಇಲ್ಲ ಅಂತ ಸೆಕ್ಷನ್ನಿನವರು ಹೇಳುತ್ತಾರೆ. ನಿಜವೇ?
ಶಿವಮೊಗ್ಗದ ಓದುಗರು

ಉತ್ತರ: ನಿಜ ಅಲ್ಲ. ಅದನ್ನು ಗೆದ್ದು ಕೊಟ್ಟದ್ದರಲ್ಲಿ ನಮ್ಮ ರಾಜ್ಯದ ಪ್ರಕರಣವೂ ಒಂದು. ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ, 2020ರ ಜನವರಿ 14, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ. ಬಡ್ತಿಯಲ್ಲೂ ಮೀಸಲಾತಿ ಇದೆ ಅಂತ 2016ರಲ್ಲಿ ಬಂದಿದ್ದ ತೀರ್ಪನ್ನು ಆ ಪೀಠ ಎತ್ತಿಹಿಡಿಯಿತು. ಮರುವರ್ಷ ಕೇರಳ ಪೊಲೀಸ್ ಇಲಾಖೆಯ ಒಬ್ಬ ಟೈಪಿಸ್ಟ್ ಪ್ರಕರಣ ಬಂತು. ಅವರು ಅಂಗವಿಕಲರ ಕೋಟಾದಲ್ಲಿ ಸೇರಿದವರೇ ಅಲ್ಲ, ಅನುಕಂಪದ ಮೇಲೆ ಸೇರಿದವರು. ಆದರೂ ಬಡ್ತಿಯ ಮೀಸಲಾತಿ ಸಿಗಬೇಕು ಅಂತ ಕೋರ್ಟು ಹೇಳಿತು. ಕೇಂದ್ರದ ಸಿಬ್ಬಂದಿ ಇಲಾಖೆ 2022ರ ಮೇ 17ರಂದು ಜ್ಞಾಪನ ಹೊರಡಿಸಿದೆ, ಬಡ್ತಿಯಲ್ಲಿ 4 ಶೇಕಡಾ. ಆ ಜ್ಞಾಪನದ ಪ್ರತಿ ಲಗತ್ತಿಸಿ ಅರ್ಜಿ ಕೊಡಿ. ಸೆಕ್ಷನ್ನಿನವರ ಜೊತೆ ವಾದಕ್ಕಿಳಿಯಬೇಡಿ, ಬಿಸಿ ಚಹಾ ತಣ್ಣಗಾಗುತ್ತದೆ ಅಷ್ಟೇ. ಉತ್ತರ ಬರದಿದ್ದರೆ ಅಥವಾ ಇಲ್ಲ ಅಂದರೆ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಯ ಬೆಂಗಳೂರು ಪೀಠ. ಇಲ್ಲ ಅಂದ ಆದೇಶದಿಂದ ಒಂದು ವರ್ಷ ಗಡುವು, ಅದು ಮೀರದಂತೆ ನೋಡಿಕೊಳ್ಳಿ.

ಅಂದಹಾಗೆ ‘ವಿಕಲಚೇತನ’ ಅಂತ ಬರೆದಿದ್ದೀರಿ. ಇಲಾಖೆಯ ಹೆಸರಿನಲ್ಲೇ ಇದೆ, ನಿಮ್ಮ ತಪ್ಪಲ್ಲ. ನನಗೆ ಮಾತ್ರ ಆ ಪದ ಹಿಡಿಸುವುದಿಲ್ಲ. ನನ್ನ ಕಾಲು ಸರಿಯಿಲ್ಲ, ಚೇತನಕ್ಕೆ ಏನಾಗಿದೆ?

ಪ್ರಶ್ನೆ: ಮಗ ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿದ್ದಾನೆ. ಕಿವಿ ಮಂದ ಆಗಿದೆ. ಮೀಟಿಂಗಿನಲ್ಲಿ ಮಾತು ಬರಹದಲ್ಲಿ ಕಾಣುವ ವ್ಯವಸ್ಥೆ ಕೇಳಿದ್ದಕ್ಕೆ ಮ್ಯಾನೇಜರ್ ಕಿರಿಕಿರಿ ಮಾಡುತ್ತಿದ್ದಾನಂತೆ. ಹೊರದೇಶದವನು ಕೇಸು ಹಾಕಿದರೆ ವೀಸಾಕ್ಕೆ ತೊಂದರೆ ಆಗಲ್ವಾ?
ದಾವಣಗೆರೆಯ ಓದುಗರು

ಉತ್ತರ: ಅಮ್ಮಾ, ಅಲ್ಲಿನ ಕಾನೂನು ನನ್ನ ಕಸುಬಲ್ಲ, ಅಲ್ಲಿನ ವಕೀಲರನ್ನೇ ಅವನು ಕೇಳಬೇಕು. ಮಗನಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ. ಅವರ ಅಂಗವಿಕಲರ ಕಾಯ್ದೆ 1990ರದ್ದು, 15 ಜನಕ್ಕಿಂತ ಕಮ್ಮಿ ಇಲ್ಲದ ಖಾಸಗಿ ಕಂಪನಿಗಳಿಗೂ ಅನ್ವಯ. ಖಾಸಗಿ ನೌಕರಿ ಅಂದರೆ ರಕ್ಷಣೆ ಕಮ್ಮಿ ಅಂತ ನಮ್ಮಲ್ಲಿರುವ ಭೇದ ಅಲ್ಲಿಲ್ಲ. ಯಾವ ದೇಶದವನು ಅಂತಲೂ ನೋಡುವುದಿಲ್ಲ. ನೇರ ಕೋರ್ಟಿಗೆ ಹೋಗುವಂತಿಲ್ಲ, ಮೊದಲು ಕೆಲಸದ ಜಾಗದ ತಾರತಮ್ಯ ವಿಚಾರಿಸುವ ಇಇಒಸಿ ಅನ್ನುವ ಆಯೋಗಕ್ಕೆ ದೂರು. ಗಡುವು 180 ದಿನ, ಬಹಳಷ್ಟು ರಾಜ್ಯಗಳಲ್ಲಿ 300. ದೂರು ಕೊಟ್ಟ ಸಿಟ್ಟಿಗೆ ಸೇಡು ತೀರಿಸಿಕೊಳ್ಳುವುದೂ ಅಲ್ಲಿ ತಪ್ಪು. ಆದರೆ ಕೆಲಸ ಹೋದರೆ ಎಚ್-1ಬಿಯವರಿಗೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ನಿಮ್ಮ ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳಲಾರೆ. ಕೇಳಿದ್ದನ್ನು ಮೇಲ್‌ನಲ್ಲಿ ಕೇಳಿದ್ದಾನಾ ಅಂತ ವಿಚಾರಿಸಿ.

ಪ್ರಶ್ನೆ: ನನ್ನದು ಚಿಕ್ಕ ಪ್ರಿಂಟಿಂಗ್ ಪ್ರೆಸ್, ಎಂಟು ಜನ ಕೆಲಸಗಾರರು. ಕಿವಿ ಕೇಳದ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದಿದ್ದಾನೆ. ಡಿಟಿಪಿ ಚೆನ್ನಾಗಿ ಮಾಡುತ್ತಾನೆ. ಆದರೆ ಇಂಥವರನ್ನು ಇಟ್ಟುಕೊಂಡರೆ ಮುಂದೆ ಏನಾದರೂ ಆದಾಗ ಕೇಸ್ ಹಾಕುತ್ತಾರೆ ಅಂತ ನಮ್ಮ ಭಾವ ಹೆದರಿಸುತ್ತಿದ್ದಾರೆ. ನಿಮ್ಮ ಸಲಹೆ?
ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಭಾವನವರಿಗೆ ನಮಸ್ಕಾರ ತಿಳಿಸಿ. ಕಿವಿ ಕೇಳುವ ಎಂಟು ಜನರಲ್ಲಿ ಯಾರೂ ಕೇಸ್ ಹಾಕಲ್ಲ ಅಂತ ಅವರು ಬರೆದುಕೊಡುತ್ತಾರಾ?

ಕಿವಿ ಕೇಳಲ್ಲ ಅನ್ನುವ ಒಂದೇ ಕಾರಣಕ್ಕೆ ಬೇಡ ಅಂದರೆ ಅದೇ ತಾರತಮ್ಯ. ಕಾಯ್ದೆ ಮೀರಿದ್ದಕ್ಕೆ ಮೊದಲ ಸಲ 10 ಸಾವಿರದವರೆಗೆ ದಂಡ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ. ಆದರೆ ದಂಡದ ಹೆದರಿಕೆಗೆ ಇಟ್ಟುಕೊಳ್ಳಬೇಡಿ. ಡಿಟಿಪಿ ಚೆನ್ನಾಗಿ ಮಾಡುತ್ತಾನೆ ಅಂತ ನೀವೇ ಬರೆದಿದ್ದೀರಲ್ಲ. ಹುಬ್ಬಳ್ಳಿಯಲ್ಲಿ ಕನ್ನಡ ಒತ್ತಕ್ಷರ ಸರಿ ಹೊಡೆಯುವ ಡಿಟಿಪಿ ಹುಡುಗರು ಎಷ್ಟು ಜನ ಸಿಗುತ್ತಾರೆ?

ಕೆಲಸಕ್ಕೆ ಸೇರಿದ ಮೊದಲ ದಿನ ಅವನನ್ನು ಕೂರಿಸಿಕೊಂಡು ‘ನಿನಗೇನು ಬೇಕು’ ಅಂತ ಕೇಳಿ. ಕಾಗದದ ಮೇಲೆ ಬರೆದು ಕೇಳಿ. ಅವನು ಹೇಳಿದ್ದನ್ನೂ, ನೀವು ಮಾಡಿಕೊಟ್ಟದ್ದನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಭಾವನವರ ಹೆದರಿಕೆಗೆ ಅದು ಸಾಕು. ಕೆಲಸ ಕೊಡುವಾಗ ಬಾಯಲ್ಲಿ ಕೂಗುವ ಬದಲು ವಾಟ್ಸ್ಯಾಪಿನಲ್ಲಿ ಹಾಕಿ. ಅವನ ಕುರ್ಚಿಯನ್ನು ಬಾಗಿಲಿಗೆ ಬೆನ್ನಾಗಿ ಹಾಕಬೇಡಿ, ಯಾರು ಬಂದರು ಅಂತ ಕಾಣಬೇಕು. ಕಟಿಂಗ್ ಮಷೀನ್ ಇರುವ ಕೋಣೆಗೆ ಹೋಗುವುದಾದರೆ ಮಷೀನ್ ಚಾಲೂ ಇದೆ ಅಂತ ತೋರಿಸುವ ಕೆಂಪು ಬಲ್ಬ್ ಒಂದು ಬೇಕು. ನಿಮ್ಮ ಓಣಿಯ ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ಸಂಜೆಯೊಳಗೆ ಹಾಕಿಕೊಡುತ್ತಾನೆ. ಉಳಿದ ಎಂಟು ಜನರ ಬೆರಳಿಗೂ ಅದರಿಂದ ಒಳ್ಳೆಯದೇ.